ಮೊದಲ ಕಂಬಿ ಎಳೆಯುವ ಮುಂಚಿನ ಎರಡು ಗಂಟೆ

ಬೀಮ್ ಅಗಲ 350 ಮಿಮೀ. ಅಡಿಯಲ್ಲಿ 25 ಮಿಮೀ ಕಂಬಿ ಐದು. ಅವನ್ನು ಸುತ್ತಿ ಹಿಡಿಯುವ ರಿಂಗ್ 10 ಮಿಮೀ, ರಿಂಗಿನ ಹೊರಗೆ ಬಿಡುವ ಕಾಂಕ್ರೀಟ್ ಪದರ, ಅಂದರೆ ಕವರ್, 40 ಮಿಮೀ. ನಾನು ಕಂಪ್ಯೂಟರಿನಲ್ಲಿ ಮಾಡಿದ ಮಾಡೆಲ್‌ನಲ್ಲಿ ಕಂಬಿ ಕಂಬಿ ನಡುವೆ 31 ಮಿಮೀ ಜಾಗ ಚೆನ್ನಾಗಿಯೇ ಕಾಣುತ್ತಿತ್ತು. ಜಲ್ಲಿ 20 ಮಿಮೀ ಇದ್ದರೆ ಕನಿಷ್ಠ 25 ಮಿಮೀ ಬಿಡಬೇಕು. ಹಾಗಾಗಿ ನನಗೆ ಯಾವ ಚಿಂತೆಯೂ ಇರಲಿಲ್ಲ. ಕಂಬಿ ಕಟ್ಟುವವರು ಕರೆದು, 'ಬಂದು ನೋಡಿ, ಇದರೊಳಗೆ ಜಲ್ಲಿ ಇಳಿಯಲ್ಲ' ಅಂದರು. ಹೋಗಿ ಟೇಪ್ ಹಿಡಿದೆ. 22 ಮಿಮೀ. ಒಂದು ಕಡೆ ಅದಕ್ಕಿಂತಲೂ ಕಮ್ಮಿ.

ಅವರು ಕಟ್ಟಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ನಾನು ಮಾಡೆಲ್‌ನಲ್ಲಿ ಕಂಬಿಗೆ ಕೊಟ್ಟ ಗುಣಗಳಲ್ಲಿ. ಆ 9 ಮಿಮೀ ಎಲ್ಲಿ ಹೋಯಿತು ಅಂತ ಆ ಸಂಜೆ ಕೂತು ಲೆಕ್ಕ ಹಾಕಿದೆ. ಈಗ ನಾನು ಕೆಲಸ ಮಾಡುವ ರೀತಿ ಶುರುವಾಗಿದ್ದು ಆ ಲೆಕ್ಕದಿಂದಲೇ.

ಮೊದಲನೆಯದು, ಕಂಬಿಯ ಮೈಮೇಲಿನ ಏಣುಗಳು. 25 ಮಿಮೀ ಅನ್ನುವುದು ತೂಕ ಮತ್ತು ಶಕ್ತಿಯ ಲೆಕ್ಕಕ್ಕೆ ಇಟ್ಟುಕೊಂಡ ಹೆಸರಿನ ವ್ಯಾಸ. ಏಣು ಸೇರಿಸಿ ಅಳೆದರೆ ಅದೇ ಕಂಬಿ ಸುಮಾರು 29 ಮಿಮೀವರೆಗೆ ಬರುತ್ತದೆ. 32 ಮಿಮೀ ಕಂಬಿ 37ರವರೆಗೆ ಹೋಗುತ್ತದೆ. 10 ಮಿಮೀ ರಿಂಗ್ ಕೂಡ 13 ಮಿಮೀ ಜಾಗ ತಿನ್ನಬಹುದು. ಈಗ ಮತ್ತೆ ಕಳೆಯೋಣ. 350ರಲ್ಲಿ ಎರಡು ಕವರ್ 80, ಎರಡು ರಿಂಗ್ ಕಾಲು 26. ಉಳಿದದ್ದು 244. ಐದು ಕಂಬಿಗೆ 145 ಹೋದರೆ 99. ನಾಲ್ಕು ಸಂದಿಗೆ ಹಂಚಿದರೆ ಒಂದೊಂದಕ್ಕೆ 25ಕ್ಕೂ ಚೂರು ಕಮ್ಮಿ.

ಎರಡನೆಯದು ರಿಂಗಿನ ಮೂಲೆ. ಅದು ಚೌಕ ಮೂಲೆ ಅಲ್ಲ, ದುಂಡಗೆ ಬಾಗಿರುತ್ತದೆ. 10 ಮಿಮೀ ರಿಂಗನ್ನು 40 ಮಿಮೀ ಗೂಟಕ್ಕೆ ಸುತ್ತಿ ಬಗ್ಗಿಸಿದರೆ ಒಳಗಿನ ತ್ರಿಜ್ಯ 20 ಮಿಮೀ. ಮೂಲೆಯ ಕಂಬಿಯ ತ್ರಿಜ್ಯ 14.5. ಆ ಕಂಬಿ ರಿಂಗಿನ ಅಡಿಯ ಕಾಲಿನ ಮೇಲೆ ಕೂತಾಗ ಪಕ್ಕದ ಕಾಲಿಗೆ ತಾಗುವುದಿಲ್ಲ. ಬಾಗು ಅದನ್ನು 5.5 ಮಿಮೀ ಒಳಗೆ ತಳ್ಳುತ್ತದೆ. ಎರಡೂ ಬದಿ ಸೇರಿ 11. ಇನ್ನು ಉಳಿದದ್ದು 88, ಅಂದರೆ ಸಂದಿಗೆ 22 ಮಿಮೀ. ಟೇಪ್ ತೋರಿಸಿದ ಅಂಕಿಯೇ ಅದು.

ಮಾರನೇ ದಿನವೇ ಇದನ್ನು ಸರಿ ಮಾಡಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಸಾಫ್ಟ್‌ವೇರ್‌ನಲ್ಲಿ ವ್ಯಾಸ ತುಂಬುವ ಮನೆಯಲ್ಲಿ 25 ಅಳಿಸಿ 29 ಬರೆದೆ. ಸಂದಿ ಈಗ ನಿಜಕ್ಕೆ ಹತ್ತಿರ ಬಂತು. ಆದರೆ ತೂಕದ ಪಟ್ಟಿ ಕೆಟ್ಟು ಹೋಯಿತು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 25ಕ್ಕೆ ಅದು 3.86, 29ಕ್ಕೆ 5.19. ನೂರಕ್ಕೆ 34 ಜಾಸ್ತಿ. ಆ ಪಟ್ಟಿ ಹಾಗೇ ಹೋಗಿದ್ದರೆ ಅಷ್ಟು ಜಾಸ್ತಿ ಉಕ್ಕು ಬಂದು ಬೀಳುತ್ತಿತ್ತು. ಒಟ್ಟು ಟನ್ ನೋಡಿ ಅನುಮಾನ ಬಂದಿದ್ದರಿಂದ ಉಳಿದುಕೊಂಡೆ.

ಆಗ ನನಗೆ ತಲೆಗೆ ಹತ್ತಿದ್ದು ಇದು: ಕಂಬಿಯ ಗುಣಗಳನ್ನು ತುಂಬುವ ಪ್ರಾಪರ್ಟಿ ಪಟ್ಟಿಯ ಪ್ರತಿ ಮನೆಗೂ ಒಂದೇ ಕೆಲಸ. ಒಂದು ತೂಕಕ್ಕೆ, ಒಂದು ಜಾಗಕ್ಕೆ, ಒಂದು ಶಕ್ತಿಗೆ. ಅಂಕಿ ಬರೆಯುವ ಮುಂಚೆ 'ಇದು ಎಲ್ಲಿಂದ ಎಲ್ಲಿಗೆ ಅಳೆದದ್ದು, ಇದನ್ನು ಯಾರು ಓದುತ್ತಾರೆ' ಅಂತ ಕೇಳಬೇಕು. ಮಾಡೆಲ್ ಮಾಡುವ ಸಾಫ್ಟ್‌ವೇರ್ ಆದ ರೆವಿಟ್‌ನ ಈಗಿನ ಆವೃತ್ತಿಗಳಲ್ಲಿ ಬಾರ್ ಟೈಪ್‌ಗೆ, ಅಂದರೆ ಒಂದೊಂದು ಬಗೆಯ ಕಂಬಿಗೆ, ಎರಡು ವ್ಯಾಸ ಇವೆ. ಒಂದು ಹೆಸರಿನ ವ್ಯಾಸ, ಇನ್ನೊಂದು ಮಾಡೆಲ್ ವ್ಯಾಸ. ಮೊದಲನೆಯದರಲ್ಲಿ 25, ಎರಡನೆಯದರಲ್ಲಿ 29 ಬರೆದರೆ ತೂಕವೂ ಸರಿ, ಸಂದಿಯೂ ಸರಿ. ಎರಡು ಮನೆ ಇಲ್ಲದ ಸಾಫ್ಟ್‌ವೇರ್‌ನಲ್ಲಿ ಹೆಸರಿನ ವ್ಯಾಸವನ್ನೇ ಇಟ್ಟು, ಒಂದಕ್ಕೊಂದು ತಾಗುತ್ತವೆಯೇ ಅಂತ ನೋಡುವ ಡಿಕ್ಕಿ ಪರೀಕ್ಷೆಯಲ್ಲಿ ಬಿಡುವ ಅಂತರ ಹೆಚ್ಚಿಸುತ್ತೇನೆ. ವ್ಯಾಸವನ್ನು ಮಾತ್ರ ಮುಟ್ಟುವುದಿಲ್ಲ.

ಈಗ ಹೊಸ ಪ್ರಾಜೆಕ್ಟ್ ಬಂದರೆ ಮೊದಲ ಎರಡು ಗಂಟೆ ಒಂದೂ ಕಂಬಿ ಎಳೆಯುವುದಿಲ್ಲ. ಬರೀ ಪಟ್ಟಿ ತುಂಬುತ್ತೇನೆ. ಇದಕ್ಕೆ ಬಲವಾದ ಕಾರಣ ಒಂದಿದೆ. ರೆವಿಟ್‌ನ ರೀಇನ್‌ಫೋರ್ಸ್‌ಮೆಂಟ್ ಸೆಟ್ಟಿಂಗ್ಸ್‌ನಲ್ಲಿ, ಕಂಬಿಯ ಆಕಾರ ಗುರುತಿಸುವಾಗ ತುದಿಯ ಕೊಕ್ಕೆ, ಅಂದರೆ ಹುಕ್, ಸೇರಿಸಬೇಕೋ ಬೇಡವೋ ಅನ್ನುವ ಆಯ್ಕೆ ಇದೆ. ಅದನ್ನು ಮೊದಲ ಕಂಬಿ ಇಡುವ ಮುಂಚೆಯೇ ತೀರ್ಮಾನ ಮಾಡಬೇಕು. ಆಮೇಲೆ ಬದಲಿಸಬೇಕು ಅಂದರೆ ಇಟ್ಟ ಕಂಬಿಗಳನ್ನೆಲ್ಲ ತೆಗೆಯಬೇಕಾಗುತ್ತದೆ. ಇದು ತಿಳಿಯದೆ ನಾನು ಒಮ್ಮೆ ಮೂರು ದಿನದ ಕೆಲಸ ಅಳಿಸಿದ್ದೇನೆ.

ಬಾಗಿನ ವ್ಯಾಸದ ಮೇಲೆ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಸ್ಕ್ರೀನಿನಲ್ಲಿ ಬಾಗು ಚಿಕ್ಕದಿದ್ದರೂ ದೊಡ್ಡದಿದ್ದರೂ ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಇದು ಅಪಾಯ. ಯೂರೋಪಿನ ಕಾಂಕ್ರೀಟ್ ಕೋಡ್ ಆದ ಯೂರೋಕೋಡ್ 2ರಲ್ಲಿ 16 ಮಿಮೀವರೆಗಿನ ಕಂಬಿಗೆ ಗೂಟದ ವ್ಯಾಸ ಕಂಬಿಯ ನಾಲ್ಕು ಪಟ್ಟು, ಅದಕ್ಕಿಂತ ದಪ್ಪಕ್ಕೆ ಏಳು ಪಟ್ಟು. ಅಂದರೆ 16 ಮಿಮೀಗೆ 64 ಸಾಕು, 20 ಮಿಮೀಗೆ ಒಮ್ಮೆಲೇ 140 ಬೇಕು. ಅಮೆರಿಕದ ಎಸಿಐ 318ರಲ್ಲಿ ಲೆಕ್ಕವೇ ಬೇರೆ. ಸಾಧಾರಣ ಮುಖ್ಯ ಕಂಬಿಗೆ ಆರು ಪಟ್ಟು, ದಪ್ಪ ಹೆಚ್ಚಿದಂತೆ ಎಂಟು, ಹತ್ತು. ತೆಳು ರಿಂಗಿಗೆ ನಾಲ್ಕು. ಟೆಂಪ್ಲೇಟ್ ತೆರೆದಾಗ ಬರುವ ಅಂಕಿ ಯಾವ ಕೋಡಿನದ್ದು ಅಂತ ಟೆಂಪ್ಲೇಟ್ ತಾನಾಗಿ ಹೇಳುವುದಿಲ್ಲ. ಹಾಗಾಗಿ ಪ್ರಾಜೆಕ್ಟಿನ ಕೋಡ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಸೈಜ್ ನೋಡುತ್ತೇನೆ.

20 ಮಿಮೀ ಕಂಬಿಯನ್ನು 140ರ ಬದಲು 80ಕ್ಕೆ ಬಗ್ಗಿಸಿ ಎಳೆದರೆ ಏನಾಗುತ್ತದೆ? ಒಂದು ಲಂಬ ಕೋನದ ಬಾಗಿಗೆ ಕತ್ತರಿಸುವ ಉದ್ದದಲ್ಲಿ ಸುಮಾರು 13 ಮಿಮೀ ವ್ಯತ್ಯಾಸ. ಅದು ದೊಡ್ಡದಲ್ಲ ಬಿಡಿ. ಅಂಚಿನ ಕಾಲಂ ಒಳಗೆ ಬೀಮಿನ ಮೇಲಿನ ಕಂಬಿ ಕೆಳಗೆ ಬಾಗಿ ಇಳಿಯುವ ಜಾಗ ಇದೆಯಲ್ಲ, ನಿಜವಾದ ಪ್ರಶ್ನೆ ಬರುವುದು ಅಲ್ಲಿ. ಮಾಡೆಲ್‌ನಲ್ಲಿ ಅದು ಕಾಲಂ ಕಂಬಿಯ ಹಿಂದೆ ಆರಾಮಾಗಿ ಕೂರುತ್ತದೆ. ಸೈಟಿನಲ್ಲಿ ದೊಡ್ಡ ಬಾಗು ಕಾಲಂ ಕಂಬಿಗೆ ತಾಗಿ ನಿಲ್ಲುತ್ತದೆ. ಆಗ ಯಾರೋ ಅದನ್ನು ಬಡಿದು ಇನ್ನಷ್ಟು ಬಗ್ಗಿಸುತ್ತಾರೆ. ಗೂಟದ ಅಳತೆ ಇರುವುದೇ ಕಂಬಿ ಬಾಗುವಾಗ ಬಿರುಕು ಬಿಡದಿರಲಿ, ಬಾಗಿನೊಳಗಿನ ಕಾಂಕ್ರೀಟ್ ನುಚ್ಚಾಗದಿರಲಿ ಅಂತ. ಬಡಿದು ಬಗ್ಗಿಸಿದ ಮೇಲೆ ಆ ಎರಡೂ ಹೋಯಿತು.

ಇನ್ನೊಂದು ಮಾತು. ರೆವಿಟ್‌ನ ಬಾರ್ ಟೈಪ್‌ನಲ್ಲಿ ಬಾಗಿಗೆ ಮೂರು ಮನೆ ಇವೆ: ಸಾಮಾನ್ಯ ಬಾಗು, ಸಾಮಾನ್ಯ ಹುಕ್ಕಿನ ಬಾಗು, ರಿಂಗಿನ ಬಾಗು. ಮೊದಲನೆಯದನ್ನು ತುಂಬಿ ಉಳಿದೆರಡನ್ನು ಮರೆಯುವುದು ತುಂಬಾ ಸುಲಭ. ಇನ್ನೊಂದು ಮಾಡೆಲ್ ಸಾಫ್ಟ್‌ವೇರ್ ಟೆಕ್ಲಾದಲ್ಲಿ ಗ್ರೇಡ್ (ಉಕ್ಕಿನ ದರ್ಜೆ), ಸೈಜ್ ಆರಿಸುವಾಗ ಮುಖ್ಯ ಕಂಬಿಯೋ ರಿಂಗೋ ಅಂತ ಕೇಳುತ್ತದೆ. ಅದರ ಪ್ರಕಾರ ಬಾಗಿನ ತ್ರಿಜ್ಯ ಬರುತ್ತದೆ. ಅಲ್ಲಿ ರಿಂಗಿಗೆ ಮುಖ್ಯ ಕಂಬಿ ಅಂತ ಆರಿಸಿದರೆ ಮೂಲೆ ಇನ್ನೂ ದುಂಡಗಾಗಿ, ಮೇಲೆ ಹೇಳಿದ 5.5 ಮಿಮೀ ಇನ್ನೂ ಹೆಚ್ಚುತ್ತದೆ.

ಹುಕ್ಕಿನ ವಿಷಯ ಬಂದರೆ ನಾನು ಬಿಡುವುದೇ ಇಲ್ಲ. ಭೂಕಂಪ ತಡೆಯುವ ಚೌಕಟ್ಟಿನ ರಿಂಗಿಗೆ ಎಸಿಐ ಪ್ರಕಾರ 135 ಡಿಗ್ರಿ ಹುಕ್ ಬೇಕು. ಬಾಗಿನಾಚೆಯ ಬಾಲ ವ್ಯಾಸದ ಆರು ಪಟ್ಟು ಇರಬೇಕು, ಆದರೆ 75 ಮಿಮೀಗಿಂತ ಕಮ್ಮಿ ಇರಬಾರದು. ಸಾಫ್ಟ್‌ವೇರ್‌ನ ಹುಕ್ ಟೈಪ್‌ನಲ್ಲಿ ಗುಣಕ ಕೇಳುತ್ತದೆ. 6 ಅಂತ ಕೊಡುತ್ತೇವೆ. 10 ಮಿಮೀ ರಿಂಗಿಗೆ ಅದು 60 ಮಿಮೀ ಬಾಲ ಎಳೆಯುತ್ತದೆ. 75ರ ಮಿತಿ ಆ ಗುಣಕಕ್ಕೆ ಗೊತ್ತಿಲ್ಲ. 12 ಮಿಮೀಗೆ 72 ಬರುತ್ತದೆ, ಅದೂ ಸಾಲದು. ಹಾಗಾಗಿ ತೆಳು ಸೈಜ್‌ಗಳ ಬಾರ್ ಟೈಪ್ ಒಳಗೆ ಹೋಗಿ ಹುಕ್ ಉದ್ದದ ಪಟ್ಟಿಯಲ್ಲಿ ತಾನಾಗಿ ಲೆಕ್ಕ ಹಾಕುವುದನ್ನು ತೆಗೆದು, ಉದ್ದವನ್ನು ಕೈಯಿಂದಲೇ ಬರೆಯುತ್ತೇನೆ. ಭೂಮಿ ಅಲುಗಿದಾಗ ಹೊರಗಿನ ಕವರ್ ಕಳಚಿ ಬೀಳುತ್ತದೆ. ಆಮೇಲೆ ರಿಂಗ್ ಬಿಚ್ಚಿಕೊಳ್ಳದ ಹಾಗೆ ಹಿಡಿಯುವುದು ಒಳಗಿನ ಕಾಂಕ್ರೀಟಿನಲ್ಲಿ ಹುದುಗಿದ ಈ ಬಾಲವೇ. 15 ಮಿಮೀ ತಾನೆ ಅಂತ ಸುಮ್ನೆ ಬಿಡುವ ವಿಷಯ ಇದಲ್ಲ.

ಕವರ್ ಬಗ್ಗೆ ಹೇಳುವಾಗ, ಎಷ್ಟು ಉಕ್ಕು ಬೇಕು ಅಂತ ಹೇಳುವ ಲೆಕ್ಕದ ಸಾಫ್ಟ್‌ವೇರನ್ನೂ ಸೇರಿಸಲೇಬೇಕು. ಚಿತ್ರ ಬಿಡಿಸುವ ಮಾಡೆಲ್‌ನಲ್ಲಿ ಕವರ್ ಅಂದರೆ ಕಾಂಕ್ರೀಟಿನ ಮೈಯಿಂದ ಹೊರಗಿನ ಕಂಬಿಯ ಮೈವರೆಗೆ, ಅಂದರೆ ರಿಂಗಿನವರೆಗೆ. ಲೆಕ್ಕದ ಸಾಫ್ಟ್‌ವೇರ್ ಆದ ಈಟ್ಯಾಬ್ಸ್‌ನಲ್ಲಿ ಕಾಲಂ ಸೆಕ್ಷನ್ ತೆರೆದರೆ ರಿಂಗಿಗೆ ಬಿಡುವ ಕವರನ್ನೇ ಕೇಳುತ್ತದೆ. ಅದೇ ಬೀಮ್ ಸೆಕ್ಷನ್ ತೆರೆಯಿರಿ. ಅಲ್ಲಿ ಕೇಳುವುದು ಉದ್ದ ಕಂಬಿಗಳ ಗುಂಪಿನ ನಡುಬಿಂದುವಿನವರೆಗಿನ ದೂರ. ಎರಡೂ ಕಡೆ ಕವರ್ ಅನ್ನುವ ಪದವೇ ಇದೆ, ಅರ್ಥ ಬೇರೆ.

450 ಮಿಮೀ ಎತ್ತರದ ಬೀಮ್ ತಗೊಳ್ಳಿ. ಕವರ್ 40, ರಿಂಗ್ 10, ಕಂಬಿ 20. ನಡುಬಿಂದು 60ರಲ್ಲಿದೆ. ಪರಿಣಾಮಕಾರಿ ಆಳ, ಅಂದರೆ ಬೀಮಿನ ಮೇಲ್ಮೈಯಿಂದ ಆ ನಡುಬಿಂದುವಿನವರೆಗಿನ ದೂರ, 390. ಆ ಮನೆಯಲ್ಲಿ 40 ಬರೆದರೆ ಪ್ರೋಗ್ರಾಂ 410 ಅಂದುಕೊಂಡು ನೂರಕ್ಕೆ ಐದಕ್ಕಿಂತ ಸ್ವಲ್ಪ ಜಾಸ್ತಿಯೇ ಉಕ್ಕು ಕಮ್ಮಿ ಕೊಡುತ್ತದೆ. ಕಂಬಿ ಎರಡು ಸಾಲು ಇದ್ದು ನಡುವೆ 25 ಮಿಮೀ ಬಿಟ್ಟರೆ ನಡುಬಿಂದು 82.5ಕ್ಕೆ ಏರುತ್ತದೆ. ಆಳ 367.5. ಈಗ ತಪ್ಪು ನೂರಕ್ಕೆ 11 ದಾಟಿತು. ತೆಳು ಸ್ಲ್ಯಾಬ್‌ನಲ್ಲಿ ಒಂದೊಂದು ಮಿಮೀಗೂ ಬೆಲೆ ಇನ್ನೂ ಜಾಸ್ತಿ. 125 ಮಿಮೀ ಸ್ಲ್ಯಾಬ್, ಅಡಿ ಕವರ್ 20, ಎರಡೂ ದಿಕ್ಕಿಗೆ 10 ಮಿಮೀ ಕಂಬಿ. ಅಡಿಯ ಪದರಕ್ಕೆ ಆಳ 100, ಅದರ ಮೇಲಿನದಕ್ಕೆ 90. ಯಾವ ದಿಕ್ಕಿನ ಕಂಬಿ ಅಡಿಯಲ್ಲಿ ಅಂತ ಬೀಮ್, ಸ್ಲ್ಯಾಬ್ ಲೆಕ್ಕ ಹಾಕುವ ಎಂಜಿನಿಯರ್, ಅಂದರೆ ಲೆಕ್ಕದವರು, ಒಂದು ಅಂದುಕೊಂಡು, ಮಾಡೆಲ್ ಮಾಡುವವರು ಇನ್ನೊಂದು ಎಳೆದರೆ ಹತ್ತನೇ ಒಂದು ಭಾಗ ಆಳ ಹೋದ ಹಾಗೆ. ಅದಕ್ಕೆ ನಾನು ಲೆಕ್ಕದವರ ಪಕ್ಕ ಕೂತು ಪದರದ ದಿಕ್ಕನ್ನು ಒಟ್ಟಿಗೇ ಬರೆದುಕೊಳ್ಳುತ್ತೇನೆ.

ಗ್ರೇಡ್ ಬದಲಿಸಿದರೆ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಅದಕ್ಕೇ ಇದನ್ನು ಬಹಳ ಮಂದಿ ಟೆಂಪ್ಲೇಟಿಗೆ ಬಿಟ್ಟುಬಿಡುತ್ತಾರೆ. ಬಿ500ಎ, ಬಿ500ಬಿ, ಬಿ500ಸಿ ಅನ್ನುವ ಮೂರು ಗ್ರೇಡಿಗೂ ಶಕ್ತಿ 500 ಮೆಗಾಪಾಸ್ಕಲ್ಲೇ. ಬೇರೆ ಇರುವುದು ಹಿಗ್ಗುವ ಗುಣ. ಗರಿಷ್ಠ ಬಲದ ಹೊತ್ತಿಗೆ ಕನಿಷ್ಠ 2.5, 5, 7.5 ಶೇಕಡಾ ಹಿಗ್ಗಬೇಕು ಅಂತ ಯೂರೋಕೋಡ್ ಹೇಳುತ್ತದೆ. ಪಟ್ಟಿಯಲ್ಲಿ ಸುಮ್ನೆ 500 ಅಂತ ಬರೆದರೆ ಕೊಳ್ಳುವವರು ಸಿಕ್ಕಿದ್ದನ್ನು ತರುತ್ತಾರೆ. ಹಾಗಾಗಿ ಕೊನೆಯ ಅಕ್ಷರ ಬಾರ್ ಟೈಪಿನ ಹೆಸರಿನಲ್ಲೇ ಇರಲಿ ಅನ್ನುವುದು ನನ್ನ ಹಟ. ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿನ ಅಂಕಿ ಬದಲಾಗುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಮೆಟೀರಿಯಲ್ ನಕಲು ಮಾಡಿ ಹೊಸ ಹೆಸರು ಕೊಟ್ಟ ಮೇಲೆ ಒಳಗೆ ಹೋಗಿ ಇಳುವರಿ ಶಕ್ತಿ (ಕಂಬಿ ವಾಪಸ್ ಬಾರದ ಹಾಗೆ ಹಿಗ್ಗಲು ಶುರುವಾಗುವ ಮಟ್ಟ), ಗರಿಷ್ಠ ಶಕ್ತಿ ಎರಡನ್ನೂ ಓದಿ. ಉಕ್ಕಿನ ಬಿಗಿತ ಹೇಳುವ ಅಂಕಿ, ಇ (E), ಮಾತ್ರ ಯಾವ ಗ್ರೇಡಿಗೂ 200 ಗಿಗಾಪಾಸ್ಕಲ್. ಅದು ಬೇರೆ ಏನಾದರೂ ಕಂಡರೆ ಯೂನಿಟ್ ತಪ್ಪಿದೆ ಅಂತಲೇ ಅರ್ಥ.

ಉಳಿದವು ಬೇಗ ಮುಗಿಯುತ್ತವೆ. ಅಳತೆಯ ರೌಂಡಿಂಗ್ 5 ಮಿಮೀಗೆ ಇಡುತ್ತೇನೆ. 1437 ಮಿಮೀ ಅಂತ ಬರೆದುಕೊಟ್ಟರೆ ಕತ್ತರಿಸುವವರಿಗೆ ಉಪಯೋಗ ಇಲ್ಲ. ಅಂತರದ ನಿಯಮ ಆರಿಸುವಾಗ ಎಷ್ಟು ಕಂಬಿ ಅಂತ ಕೊಡುವ ಬದಲು ಗರಿಷ್ಠ ಅಂತರ ಕೊಡುತ್ತೇನೆ. ನಾಳೆ ಬೀಮ್ ಉದ್ದವಾದರೆ ಎಣಿಕೆ ತಾನಾಗಿ ಹೆಚ್ಚುತ್ತದೆ. ಬಣ್ಣ, ನಂಬರಿನ ಮುಂದಿನ ಅಕ್ಷರ ಇವೆಲ್ಲ ತಂಡದ ಇಷ್ಟ. ಎಲ್ಲರೂ ಒಂದೇ ರೀತಿ ಮಾಡಿದರೆ ಆಯಿತು.

ಪಟ್ಟಿ ತುಂಬಿದ ಮೇಲೆ ಒಂದು ಪರೀಕ್ಷಾ ಬೀಮ್ ಮಾಡುತ್ತೇನೆ. ಪ್ರಾಜೆಕ್ಟಿನ ಮೂಲೆಯಲ್ಲಿ, ಕಟ್ಟಡದಿಂದ ದೂರ. ಅದರಲ್ಲಿ ಪ್ರತಿ ಸೈಜಿನ ಒಂದು ನೇರ ಕಂಬಿ, ಒಂದು ಎಲ್ ಆಕಾರದ ಕಂಬಿ, ಒಂದು ರಿಂಗ್. ನೇರ ಕಂಬಿ ಸರಿಯಾಗಿ 1000 ಮಿಮೀ. ತೂಕದ ಪಟ್ಟಿ ತೆಗೆದರೆ 10 ಮಿಮೀಗೆ 0.617, 12ಕ್ಕೆ 0.888, 16ಕ್ಕೆ 1.58, 20ಕ್ಕೆ 2.47 ಬರಬೇಕು. ಒಂದು ಅಂಕಿ ಬೇರೆ ಬಂದರೂ ಆ ಸೈಜಿನ ವ್ಯಾಸದ ಮನೆಗೆ ವಾಪಸ್ ಹೋಗುತ್ತೇನೆ. ಎಲ್ ಕಂಬಿಯ ಕತ್ತರಿಸುವ ಉದ್ದವನ್ನು ಕಾಗದದ ಮೇಲೆ ಲೆಕ್ಕ ಮಾಡಿ ಹೋಲಿಸುತ್ತೇನೆ. ರಿಂಗಿನ ಬಾಲವನ್ನು ಅಳೆಯುತ್ತೇನೆ. ಬೀಮ್ ಅಡ್ಡ ಕತ್ತರಿಸಿ, ಮೂಲೆಯ ಕಂಬಿ ರಿಂಗಿನ ಬಾಗಿಗೆ ಎಲ್ಲಿ ತಾಗುತ್ತದೆ ಅಂತ ದೊಡ್ಡದು ಮಾಡಿ ನೋಡುತ್ತೇನೆ. ಬಹಳ ಸಾಫ್ಟ್‌ವೇರ್‌ಗಳು ಕಂಬಿಯನ್ನು ಬಾಗಿನೊಳಗೇ ನುಗ್ಗಿಸಿ ಇಡುತ್ತವೆ. ಹಾಗಿದ್ದರೆ ಅದನ್ನು ಕೈಯಿಂದ ಒಳಕ್ಕೆ ಸರಿಸಿ, ಸಂದಿ ಎಷ್ಟು ಉಳಿಯಿತು ಅಂತ ಬರೆದಿಟ್ಟುಕೊಳ್ಳುತ್ತೇನೆ.

ಆ 350 ಮಿಮೀ ಬೀಮಿಗೆ ಏನು ಮಾಡಿದಿರಿ ಅಂತ ಕೇಳುವವರಿಗೆ: ಲೆಕ್ಕದವರ ಜೊತೆ ಮಾತಾಡಿ ಅಡಿಯಲ್ಲಿ ಮೂರು, ಅದರ ಮೇಲೆ ಎರಡು ಕಂಬಿ ಇಟ್ಟೆವು. ನಡುಬಿಂದು ಮೇಲೇರಿತು, ಆಳ ಕಮ್ಮಿಯಾಯಿತು. ಅದನ್ನು ಸರಿದೂಗಿಸಲು ಎರಡನೇ ಸಾಲಿಗೆ ಇನ್ನೊಂದು ಕಂಬಿ ಸೇರಿಸಿದೆವು. ಅಡಿಯ ಸಾಲಿನಲ್ಲಿ ಈ ಸಲ ಜಲ್ಲಿ ಸಲೀಸಾಗಿ ಇಳಿಯಿತು. ಶಟರಿಂಗ್ ಬಿಚ್ಚಿದ ದಿನ ಹೋಗಿ ಬೀಮಿನ ಅಡಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದೆ. ಎಲ್ಲೂ ಜೇನುಗೂಡಿನಂಥ ತೂತು ಇರಲಿಲ್ಲ.