ಬದುವಿನ ಕಳೆಯಲ್ಲಿ ಹೊಸ ವೈರಸ್: ಪತ್ತೆ ಹಚ್ಚುವುದು ಹೇಗೆ?

ಕೋಲಾರದ ತೋಟದಲ್ಲಿ ಟೊಮೆಟೊ ಎಲೆ ಮುದುಡಿದರೆ ಎಲ್ಲರೂ ನೋಡುತ್ತಾರೆ. ಬದುವಿನ ಕಳೆ ಹಳದಿಯಾದರೆ ಯಾರೂ ನೋಡುವುದಿಲ್ಲ. ಬೆಳೆಯಿಲ್ಲದ ತಿಂಗಳುಗಳಲ್ಲಿ ಎಷ್ಟೋ ವೈರಸ್‌ಗಳು ಉಳಿದುಕೊಳ್ಳುವುದು ಅಲ್ಲಿಯೇ. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಂಡ ಸೂರ್ಯಕಾಂತಿಯ ನೆಕ್ರೋಸಿಸ್ (ಅಂಗಾಂಶ ಸಾಯುವ) ರೋಗವನ್ನೇ ನೋಡಿ. ಅದನ್ನು ತರುವ ತಂಬಾಕು ಸ್ಟ್ರೀಕ್ ವೈರಸ್ ಪಾರ್ಥೇನಿಯಂನಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು. ಪರಾಗ ಮತ್ತು ಥ್ರಿಪ್ಸ್ ನುಸಿ ಸೇರಿ ಅದನ್ನು ಬೆಳೆಗೆ ದಾಟಿಸುತ್ತವೆ. ಆದ್ದರಿಂದ ಹಸಿರಾಗಿ ನಿಂತ ಕಳೆಯ ಎಲೆಯನ್ನೂ ತನ್ನಿ.

ಮೊದಲು ಕಣ್ಣು ಪಳಗಬೇಕು. ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ನರಗಳೇ ಹಳದಿಯಾಗಿ ಉಳಿದದ್ದು ಹಸಿರಾಗಿದ್ದರೆ ವೈರಸ್ ಅನುಮಾನ ಬಲವಾಗುತ್ತದೆ. ತುದಿಯ ಎಳೆ ಎಲೆಗಳನ್ನು ಕಿತ್ತು, ಗಿಡಕ್ಕೊಂದು ಕಾಗದದ ಕವರ್‌ನಲ್ಲಿಟ್ಟು ಸಿಲಿಕಾ ಜೆಲ್ ಜೊತೆ ಒಣಗಿಸಿ. ಆರ್‌ಎನ್‌ಎ ವೈರಸ್ (ಡಿಎನ್‌ಎ ಬದಲು ಬೇಗ ಹಾಳಾಗುವ ಆರ್‌ಎನ್‌ಎ ಇರುವುದು) ಹುಡುಕುವುದಾದರೆ ತಡಮಾಡದೆ ಮಂಜುಗಡ್ಡೆಯಲ್ಲಿಟ್ಟು ಸಾಗಿಸಿ. ಊರು, ದಿನಾಂಕ, ಪಕ್ಕದ ಬೆಳೆ, ಬಿಳಿ ನೊಣ ಇತ್ತೇ ಎಂಬುದನ್ನು ಅಲ್ಲೇ ನಿಂತು ಬರೆಯಿರಿ. ಅದೇ ಜಾತಿಯ ಆರೋಗ್ಯವಂತ ಗಿಡದ ಮಾದರಿಯೂ ಬೇಕು. ಹೋಲಿಸಲು ಅದಿಲ್ಲದಿದ್ದರೆ ಪ್ರಯೋಗಾಲಯದ ಉತ್ತರವನ್ನು ನಂಬಲಾಗದು.

ಬಿಳಿ ನೊಣ ಹರಡುವ ಬೆಗೊಮೊವೈರಸ್‌ಗಳದು ಉಂಗುರದಂಥ ಡಿಎನ್‌ಎ. ಒಂದೊಂದು ಉಂಗುರದಲ್ಲಿ ಸುಮಾರು 2,700 ಅಕ್ಷರ. ಎಲೆಯಿಂದ ಡಿಎನ್‌ಎ ತೆಗೆದು, ಡಿಎನ್‌ಎ ನಕಲು ಮಾಡುವ ಫೈ29 ಕಿಣ್ವ ಬೆರೆಸಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಉಂಗುರ ಸುತ್ತಿ ಸುತ್ತಿ ನಕಲಾಗುತ್ತದೆ. ಅದನ್ನು ಒಂದೇ ಕಡೆ ಕತ್ತರಿಸುವ ಕಿಣ್ವ ಹಾಕಿ, ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ. 2,700ರ ಆಸುಪಾಸಿನಲ್ಲಿ ಬಂದ ಡಿಎನ್‌ಎ ಪಟ್ಟಿಯನ್ನು (ಬ್ಯಾಂಡ್) ಕ್ಲೋನ್ ಮಾಡಿ, ಅಂದರೆ ಬ್ಯಾಕ್ಟೀರಿಯಾದಲ್ಲಿ ಸೇರಿಸಿ ನಕಲು ಪಡೆದು, ಅದರ ಅಕ್ಷರಗಳನ್ನು ಪೂರ್ತಿ ಓದಿಸಿ. ಆಯ್ದ ಭಾಗವನ್ನಷ್ಟೇ ನಕಲು ಮಾಡುವ ಪಿಸಿಆರ್‌ನ ಸಣ್ಣ ತುಂಡು ವೈರಸ್ ಇರುವುದನ್ನು ಹೇಳುತ್ತದೆ, ಹೊಸದೆಂದು ಹೇಳುವುದಿಲ್ಲ. ಆ ತುಂಡನ್ನೇ ನಂಬಿ ಹೊಸ ಹೆಸರಿಡುವುದು ಸರಿಯಲ್ಲ.

ಆರ್‌ಎನ್‌ಎ ವೈರಸ್‌ಗೆ ಹೈ-ಥ್ರೂಪುಟ್ ಸೀಕ್ವೆನ್ಸಿಂಗ್ (ಲಕ್ಷಾಂತರ ತುಂಡುಗಳನ್ನು ಒಟ್ಟಿಗೇ ಓದುವ ವಿಧಾನ) ಒಳ್ಳೆಯದು. ಕಂಪ್ಯೂಟರ್ ಜೋಡಿಸಿಕೊಟ್ಟ ಸರಣಿಯನ್ನು ಮೂಲ ಎಲೆಯಲ್ಲೇ ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಮಾಡುವ ಪಿಸಿಆರ್) ಮಾಡಿ ಖಚಿತಪಡಿಸಿಕೊಳ್ಳಿ.

ಇನ್ನು ಹೋಲಿಕೆ. ಬೆಗೊಮೊವೈರಸ್‌ನ ಡಿಎನ್‌ಎ-ಎ ಎಂಬ ಮುಖ್ಯ ಉಂಗುರದ ಸರಣಿಯನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸರಣಿ ಸಂಗ್ರಹದಲ್ಲಿರುವ ಎಲ್ಲ ಬೆಗೊಮೊವೈರಸ್‌ಗಳ ಜೊತೆ ಇಟ್ಟು ನೋಡಿ. ಯಾವುದರೊಂದಿಗೂ ಹೋಲಿಕೆ ಶೇ 91 ಮುಟ್ಟದಿದ್ದರೆ ಹೊಸ ಪ್ರಭೇದ. ಎರಡು ವೈರಸ್‌ಗಳ ತುಂಡು ಕೂಡಿ ಆದದ್ದೇ ಎಂಬುದನ್ನೂ ಪರೀಕ್ಷಿಸಿ. ಈ ಗುಂಪಿನಲ್ಲಿ ಅದು ಸಾಮಾನ್ಯ. ರೋಗಕ್ಕೆ ಅದೇ ಕಾರಣವೆನ್ನಲು ಕ್ಲೋನನ್ನು ಗಿಡದೊಳಕ್ಕೆ ಡಿಎನ್‌ಎ ಸಾಗಿಸಬಲ್ಲ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮೂಲಕ ಆರೋಗ್ಯವಂತ ಕಳೆ ಸಸಿಗೆ ಸೇರಿಸಿ, ಅದೇ ಲಕ್ಷಣ ಮರಳುವುದೇ ಎಂದು ಕಾಯಬೇಕು. ಜೊತೆಗೇ ಟೊಮೆಟೊ, ಮೆಣಸಿನ ಸಸಿಗಳಿಗೂ ಕೊಟ್ಟು ನೋಡಿ. ರೈತರಿಗೆ ಬೇಕಾದ ಉತ್ತರ ಅಲ್ಲಿದೆ.