ಯೆಶಾಯ 58, ನಮ್ಮ ಪ್ರೆಸ್ಸಿನ ಬಟವಾಡೆ

ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟ ಕ್ರೈಸ್ತರಿಗೆ ಲೆಂಟ್, ಅಂದರೆ ಈಸ್ಟರ್ ಮುಂಚಿನ ಉಪವಾಸದ ಕಾಲ, ಬರುವುದೇ ಸೀಜನ್ನಿನಲ್ಲಿ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಒಂದು ಕಡೆ ಲಗ್ನಪತ್ರಿಕೆ, ಇನ್ನೊಂದು ಕಡೆ ಮಾರ್ಚ್ ಎಂಡಿನ ಬಿಲ್ ಬುಕ್. ಖಾಲಿ ಹೊಟ್ಟೆಯ ಮಾಲೀಕ ಹುಡುಗರ ಮೇಲೆ ರೇಗುತ್ತಾನೆ, ರಾತ್ರಿ ಹತ್ತರವರೆಗೆ ಮಷಿನ್ ಓಡಿಸುತ್ತಾನೆ.

ನಿಜವಾದ ಉಪವಾಸ ಯಾವುದು ಎಂದು ಹೇಳುವ ಬೈಬಲಿನ ಯೆಶಾಯ ಪುಸ್ತಕದ 58ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಆದರೆ ಎಲ್ಲರೂ 3ನೇ ವಚನ ದಾಟಿ 7ಕ್ಕೆ ಹಾರುತ್ತಾರೆ. ಹಸಿದವನಿಗೆ ಅನ್ನ, ಬಟ್ಟೆ ಇಲ್ಲದವನಿಗೆ ಬಟ್ಟೆ. ಅದಕ್ಕೆ ಫೋಟೋ ಸಿಗುತ್ತದೆ, ಅಲ್ವಾ? 3ರಲ್ಲಿ ಇರುವವನು ಉಪವಾಸದ ದಿನವೂ ಕೆಲಸದವರನ್ನು ಹಿಂಡುವ ಮಾಲೀಕ. ಅವನ ಫೋಟೋ ಯಾರು ತೆಗೆಯುತ್ತಾರೆ?

ನನ್ನ ಪದ್ಧತಿ ಸರಳ. ಒಂದು ಲೆಂಟಿಗೆ ಒಂದೇ ವಚನ. ಅದು ಪ್ರೆಸ್ಸಿನ ಲೆಕ್ಕದ ಪುಸ್ತಕದಲ್ಲಿ ಕಾಣಬೇಕು.

ಮೊದಲ ವರ್ಷ 6ನ್ನು ಹಿಡಿದೆ, ನೊಗ ಮುರಿಯುವುದು. ಕೆಲಸದವರ ಅಡ್ವಾನ್ಸ್ ಎಲ್ಲ ಮನ್ನಾ. ಸುಮಾರು 40 ಸಾವಿರ ಹೋಯಿತು. ಅಡ್ವಾನ್ಸೇ ತಗೊಳ್ಳದ ಮಷಿನ್‌ಮನ್ ವಾರವಿಡೀ ಮಾತು ಬಿಟ್ಟ. ಇನ್ನೊಬ್ಬ ಹೊಸ ಅಡ್ವಾನ್ಸ್ ಎತ್ತಿಕೊಂಡು ಹುಬ್ಬಳ್ಳಿಗೆ ನಡೆದ. ಮರುವರ್ಷ 7, ಬಸ್ ಸ್ಟ್ಯಾಂಡ್ ಹತ್ತಿರ ರೊಟ್ಟಿ, ಪಲ್ಯ. 12 ಸಾವಿರದ ಆಸುಪಾಸು ಖರ್ಚು. ಅದೇ ವಾರ ನಮ್ಮ ಬೈಂಡಿಂಗಿನವರ ಪಗಾರ ಬಾಕಿ ಇತ್ತು. ನಮ್ಮ ಮನೆಯವಳು ಅದನ್ನು ಹೇಳಿಯೇ ಹೇಳಿದಳು.

ಕೊನೆಗೆ ಕೈ ಹಿಡಿದದ್ದು 3. ಬೈಬಲಿನದೇ ಧರ್ಮೋಪದೇಶಕಾಂಡ 24 ಇದಕ್ಕೆ ಜೋಡಿ: ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕು. ನಮ್ಮಲ್ಲಿ ಶನಿವಾರ ಬಟವಾಡೆ, ವಾರಕ್ಕೆ ಸುಮಾರು 20 ಸಾವಿರ. ಉದ್ರಿ ನಿಂತದ್ದು ಒಂದೂವರೆ ಲಕ್ಷ. ವಸೂಲಿ ಆದರೆ ಪಗಾರ, ಇಲ್ಲವಾದರೆ ಸೋಮವಾರ. ಎಲ್ಲ ಪ್ರೆಸ್ಸಿನ ಕಥೆಯೂ ಇದೇ. ಮೂಲೆಯಲ್ಲಿದ್ದ ಹಳೆಯ ಟ್ರೆಡಲ್ ಮಷಿನ್ನನ್ನು ಗುಜರಿಗೆ ಕೊಟ್ಟೆ. 25 ಸಾವಿರ ಬಂತು. ಅದನ್ನು ಬೇರೆ ಖಾತೆಯಲ್ಲಿಟ್ಟೆ, ಬಟವಾಡೆಗೆ ಮಾತ್ರ. ಪೇಪರ್ ಅಂಗಡಿಯವರು ಬಾಗಿಲಲ್ಲಿ ಕೂತರೂ ಅದನ್ನು ಮುಟ್ಟಲಿಲ್ಲ. ಖಾತೆಯನ್ನು ಮತ್ತೆ ತುಂಬಬೇಕಲ್ಲ, ಅದಕ್ಕೆ ಲಗ್ನಪತ್ರಿಕೆಗೆ ಅರ್ಧ ರೊಕ್ಕ ಮುಂಗಡ. ಗಿರಾಕಿ ಮುನಿಯದ ಹಾಗೆ ಅದನ್ನು ಹೇಗೆ ಕೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಪ್ರೆಸ್ಸಿನವರೂ ಓದುತ್ತಾರೆ.

ಓವರ್‌ಟೈಮಿನ ಲೆಕ್ಕಕ್ಕೆ ಕಟಿಂಗ್ ಮಷಿನ್ನಿನ ಚೂರು ಕಾಗದದಿಂದ ಅಂಗೈಯಗಲದ ಪುಸ್ತಕ ಮಾಡಿದೆ. ನಡುವೆ ಎರಡು ಪಿನ್ನು, ರಟ್ಟಿಗೆ ಉಳಿದ ಲಗ್ನಪತ್ರಿಕೆ. ಒಬ್ಬೊಬ್ಬರಿಗೆ ಒಂದೊಂದು. ತಾಸು ಅವರೇ ಬರೆಯುತ್ತಾರೆ, ನಾನು ಸಹಿ ಹಾಕುತ್ತೇನೆ. ಪುಸ್ತಕ ಇರುವುದು ಅವರ ಕಿಸೆಯಲ್ಲಿ, ನನ್ನ ಡ್ರಾದಲ್ಲಿ ಅಲ್ಲ. ಇದೇ ಮುಖ್ಯ.

ನಮ್ಮ ಚರ್ಚಿನ ಹಿರಿಯರೊಬ್ಬರು 'ಇದು ಲೇಬರ್ ಆಫೀಸಿನ ಕೆಲಸ, ಭಕ್ತಿ ಅಲ್ಲ' ಅಂದರು. ಲೂಕನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ತೋರಿಸಿದೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ ಭಾಗ ಯೆಶಾಯ 61ರದು. ಆದರೆ ಜಜ್ಜಿಹೋದವರನ್ನು ಬಿಡಿಸುವ ಮಾತು 58ರ 6ರಿಂದ ಬಂದು ಅದರಲ್ಲಿ ಸೇರಿದೆ. ಇನ್ನು ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿನಲ್ಲಿ 1841ರಲ್ಲೇ ಅಚ್ಚುಕೂಟ ಇಟ್ಟವರು. ಆಮೇಲೆ ನೇಯ್ಗೆ, ಹಂಚು. ಅವರಿಗೆ ಕಾರ್ಖಾನೆ, ಗುಡಿ ಬೇರೆ ಬೇರೆ ಇರಲಿಲ್ಲ. ಹಿರಿಯರು ಸುಮ್ನೆ ಕೇಳಿ ಹೋದರು. ಹೋದ ತಿಂಗಳು ಅವರ ಮಗ ಬಂದು ಆ ಚಿಕ್ಕ ಪುಸ್ತಕದ ಅಳತೆ ಕೇಳಿದ!

ನಡುವೆ ಒಂದು ಲೆಂಟಿಗೆ 13ನ್ನೂ ನೋಡಿದೆ, ವಿಶ್ರಾಂತಿ ದಿನದ ವಚನ. ಸೀಜನ್ನಿನಲ್ಲೂ ಭಾನುವಾರ ಷಟರ್ ಪೂರ್ತಿ ಕೆಳಗೆ. ಏಳೆಂಟು ಪತ್ರಿಕೆ ಆರ್ಡರ್ ಬೇರೆಡೆ ಹೋದವು. 15 ಸಾವಿರಕ್ಕೆ ಕಡಿಮೆ ಇಲ್ಲ. ಆದರೆ ಸೋಮವಾರದ ವೇಸ್ಟೇಜ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ನಿದ್ದೆ ಆದ ಕೈ ಬೇರೆಯೇ. ಲಾಭವೋ ನಷ್ಟವೋ ಇನ್ನೂ ಲೆಕ್ಕ ಹಾಕಿಲ್ಲ.

ಪ್ರತಿ ಮಾರ್ಚಿನಲ್ಲೂ ಒಬ್ಬಿಬ್ಬರು ಬೇರೆ ಪ್ರೆಸ್ಸಿಗೆ ಜಿಗಿಯುತ್ತಿದ್ದರು. ಈ ಸಲ ಒಬ್ಬನೂ ಹೋಗಲಿಲ್ಲ. ಈ ಓಣಿಯಲ್ಲಿ ಹಾಗೆ ಹೇಳುವ ಇನ್ನೊಂದು ಪ್ರೆಸ್ ತೋರಿಸಿ ನೋಡೋಣ.

ಮುಂದಿನ ಲೆಂಟಿಗೆ 9, ಬೆರಳು ತೋರಿಸುವುದನ್ನು ಬಿಡುವುದು. ನಮ್ಮಲ್ಲಿ ಬೆರಳು ಜಾಸ್ತಿ ಏಳುವುದು ಪತ್ರಿಕೆಯಲ್ಲಿ ವರನ ಹೆಸರು ತಪ್ಪಾದಾಗ. ಡಿಟಿಪಿಯವನು ಮಷಿನ್‌ಮನ್ ಕಡೆ, ಮಷಿನ್‌ಮನ್ ನನ್ನ ಕಡೆ. ಸದ್ಯಕ್ಕೆ ಪ್ರೂಫಿನ ಮೇಲೆ ಗಿರಾಕಿಯ ಸಹಿ ಇಲ್ಲದೆ ಪ್ಲೇಟ್ ಹಾಕಬೇಡಿ ಅಂದಿದ್ದೇನೆ.