ಒಂದೇ ರೆಜಿಮೆಂಟ್ ಹಿಡ್ಕೊಂಡು ಬ್ರಿಟಿಷ್-ಐರಿಶ್ ಮಿಲಿಟರಿ ಹಿಸ್ಟರಿ ಓದಿದ್ದು: ನನ್ನ ಅನುಭವ

ಬ್ರಿಟನ್ನು ಐರ್ಲೆಂಡು ಕಡೆಯ ಯುದ್ಧದ ಪುಸ್ತಕಗಳು ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ರಾಶಿ ರಾಶಿ ಸಿಗುತ್ತವೆ, ಚರ್ಚ್ ಸ್ಟ್ರೀಟ್ ಕಡೆ ಹೋದ್ರೆ ಒಂದು ಕಪಾಟು ಪೂರ್ತಿ ಅದೇ, ವಾಟರ್ಲೂ, ಸೋಮ್, ಡನ್‌ಕರ್ಕ್, ಕವರ್ ಮೇಲೆ ಹೊಗೆ, ಹೆಲ್ಮೆಟ್ಟು, ದಪ್ಪ ಅಕ್ಷರ. ಓದೋಕೆ ಸಖತ್ತಾಗಿರುತ್ತೆ, ಸುಳ್ಳಲ್ಲ. ಆದ್ರೆ ನಾಲ್ಕೈದು ಪುಸ್ತಕ ಆದ್ಮೇಲೆ ಎಲ್ಲಾ ಕಲಸುಮೇಲೋಗರ, ಯಾವ ಜನರಲ್ಲು ಯಾವ ಗುಡ್ಡ ಹತ್ತಿಸಿದ ಅನ್ನೋದು ತಲೇಲಿ ನಿಲ್ಲಲ್ಲ. ನನಗೆ ಉಪಯೋಗಕ್ಕೆ ಬಂದಿದ್ದು ಒಂದೇ ದಾರಿ, ಒಂದು ರೆಜಿಮೆಂಟ್ ಆರಿಸ್ಕೊಂಡು ಅದು ಎಲ್ಲಿಗೆ ಹೋಯ್ತೋ ಅದರ ಬೆನ್ನಿಗೇ ಹೋಗೋದು, ಯುದ್ಧ ಬದಲಾಗ್ಲಿ, ದೇಶ ಬದಲಾಗ್ಲಿ, ಲೇಖಕ ಬದಲಾಗ್ಲಿ, ರೆಜಿಮೆಂಟ್ ಮಾತ್ರ ಬಿಡಬಾರ್ದು.

ನಾನು ಹಿಡಿದಿದ್ದು ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್, ಐರ್ಲೆಂಡ್ ಬ್ರಿಟನ್ ಕೈಕೆಳಗಿದ್ದಾಗ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಶ್ ರೆಜಿಮೆಂಟು. ಯಾಕೆ ಇದೇ ಅಂದ್ರೆ, ಬ್ರಿಟಿಷ್ ರೆಜಿಮೆಂಟುಗಳಿಗೆಲ್ಲ ಬ್ಯಾಟಲ್ ಆನರ್ಸ್ ಅಂತ ಒಂದು ಪಟ್ಟಿ ಇರುತ್ತೆ, ಕಾದಾಡಿ ಹೆಸರು ಮಾಡಿದ ಯುದ್ಧಗಳ ಪಟ್ಟಿ, ಬಾವುಟದ ಮೇಲೆ ಕಸೂತಿ ಹಾಕೋ ಗೌರವ ಅದು, ಈ ಡಬ್ಲಿನ್ ಹುಡುಗರ ಪಟ್ಟಿ ನೋಡಿದ್ರೆ ಆರ್ಕಾಟ್, ವಾಂಡಿವಾಶ್, ಮೈಸೂರು, ಶ್ರೀರಂಗಪಟ್ಟಣ, ಅದರ ಮಧ್ಯೆ ನಂದಿದುರ್ಗ! ನಾವು ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೈಕಲ್ಲಿ ಹೋಗಿ ಮಂಜು ನೋಡ್ಕೊಂಡು ಬರೋ ಅದೇ ನಂದಿಬೆಟ್ಟ. 1791ರ ಅಕ್ಟೋಬರ್ 19ರಂದು ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅದನ್ನ ಟಿಪ್ಪು ಕಡೆಯವರಿಂದ ಹಿಡೀತು, ರಾತ್ರಿ ದಾಳಿ ಮಾಡಿ. ಐರ್ಲೆಂಡಿನ ರೆಜಿಮೆಂಟಿಗೆ ಇದು ಹೇಗೆ ಬಂತು ಅಂದ್ರೆ, ಈ ರೆಜಿಮೆಂಟು ಹುಟ್ಟಿದ್ದು ಡಬ್ಲಿನ್ನಲ್ಲೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಲ್ಲೂ ಬಾಂಬೆಯಲ್ಲೂ ಬಿಳಿಯರ ದಂಡು ಸಾಕ್ಕೊಂಡಿತ್ತು, 1857 ಆದ್ಮೇಲೆ ಕಂಪನಿ ಹೋಗಿ ರಾಣಿ ಆಳ್ವಿಕೆ ಬಂದಾಗ ಅವು 102 ಮತ್ತು 103 ಅನ್ನೋ ನಂಬರ್ ಪಡ್ಕೊಂಡು ಬ್ರಿಟಿಷ್ ಸೈನ್ಯಕ್ಕೆ ಸೇರಿದ್ವು, 1881ರ ಸೈನ್ಯದ ಸುಧಾರಣೆಯಲ್ಲಿ ಎರಡನ್ನೂ ಜೋಡಿಸಿ ಡಬ್ಲಿನ್ ಹೆಸರು ಕೊಟ್ರು. ಟೋಪಿ ಬ್ಯಾಡ್ಜ್ ಮೇಲೆ ಹುಲಿ ಮತ್ತು ಆನೆ, ಡಬ್ಲಿನ್ನಲ್ಲಿ ಎಲ್ಲಿಂದ ಬರ್ಬೇಕು ಹುಲಿ ಆನೆ.

ಮೊದಲು ಕಲಿಯಬೇಕಾದ್ದು ರೆಜಿಮೆಂಟ್ ಬೇರೆ ಬೆಟಾಲಿಯನ್ ಬೇರೆ ಅನ್ನೋದು, ಇದನ್ನ ಜನಪ್ರಿಯ ಪುಸ್ತಕಗಳು ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡು ಹೇಳೋದೇ ಇಲ್ಲ. ನಮ್ಮ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇದ್ಯಲ್ಲ, ಹಾಗೇ ಇದೂ, ರೆಜಿಮೆಂಟ್ ಅಂದ್ರೆ ಮನೆ, ಯುದ್ಧಕ್ಕೆ ಹೋಗೋದು ಬೆಟಾಲಿಯನ್, ಸುಮಾರು ಸಾವಿರ ಜನ. ಡಬ್ಲಿನ್ ಫ್ಯೂಸಿಲಿಯರ್ಸ್‌ಗೆ ಮೊದಲ ಮಹಾಯುದ್ಧದಲ್ಲಿ 11 ಬೆಟಾಲಿಯನ್ ಇದ್ವು, ಒಂದೊಂದು ಒಂದೊಂದು ಕಡೆ. ಹಾಗಾಗಿ "ಡಬ್ಲಿನ್ಸ್ ಅಲ್ಲಿ ಹೋರಾಡಿದ್ರು" ಅಂತ ಪುಸ್ತಕದಲ್ಲಿ ಬಂದ ತಕ್ಷಣ ಪೆನ್ಸಿಲ್ ತಗೊಂಡು ಪಕ್ಕದಲ್ಲಿ ನಂಬರ್ ಬರೀತೀನಿ, 1, 2, 7, 9, ಯಾವುದು ಅಂತ. ಲೇಖಕ ನಂಬರ್ ಕೊಟ್ಟಿಲ್ಲ ಅಂದ್ರೆ ಆ ಪುಸ್ತಕದ ಮೇಲೆ ನನ್ನ ನಂಬಿಕೆ ಸ್ವಲ್ಪ ಕಮ್ಮಿ ಆಗುತ್ತೆ, ಇದು ಒಳ್ಳೇ ಫಿಲ್ಟರ್, ಅಂಗಡೀಲಿ ನಿಂತ್ಕೊಂಡೇ ಪರೀಕ್ಷೆ ಮಾಡ್ಬಹುದು.

1914ರಲ್ಲಿ ಯುದ್ಧ ಶುರುವಾದಾಗ ಒಂದನೇ ಬೆಟಾಲಿಯನ್ ಇದ್ದಿದ್ದು ಮದ್ರಾಸಲ್ಲೇ. ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, 29ನೇ ಡಿವಿಷನ್ (ಹಲವು ಬೆಟಾಲಿಯನ್ ಸೇರಿದ ದೊಡ್ಡ ಪಡೆ) ಸೇರಿ, 1915ರ ಏಪ್ರಿಲ್ 25ರಂದು ತುರ್ಕಿಯ ಗಲಿಪೊಲಿಯಲ್ಲಿ ವಿ ಬೀಚ್ ಅನ್ನೋ ದಡದಲ್ಲಿ ಇಳೀತು. ಈ ಒಂದು ಬೆಳಿಗ್ಗೆ ಬಗ್ಗೆ ಎಷ್ಟು ಪುಸ್ತಕ ಬೇಕಾದ್ರೂ ಸಿಗುತ್ತೆ, ಹಾಗಾಗಿ ಲೇಖಕರನ್ನ ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನಡೆದಿದ್ದು ಇಷ್ಟು: ರಿವರ್ ಕ್ಲೈಡ್ ಅನ್ನೋ ಹಳೇ ಕಲ್ಲಿದ್ದಲು ಹಡಗನ್ನ ಬೇಕಂತಲೇ ದಡಕ್ಕೆ ನುಗ್ಗಿಸಿ ನಿಲ್ಲಿಸಿದ್ರು, ಅದರೊಳಗೆ ಇನ್ನೊಂದು ಐರಿಶ್ ರೆಜಿಮೆಂಟಾದ ಮನ್‌ಸ್ಟರ್ ಫ್ಯೂಸಿಲಿಯರ್ಸ್, ಹ್ಯಾಂಪ್‌ಶೈರ್‌ನವರು, ಡಬ್ಲಿನ್ಸ್‌ನ ಒಂದು ಕಂಪನಿ (ಬೆಟಾಲಿಯನ್ನಿನ ಒಂದು ತುಕಡಿ), ಮಿಕ್ಕ ಡಬ್ಲಿನ್ಸ್ ಎಲ್ಲ ತೆರೆದ ದೋಣಿಗಳಲ್ಲಿ ಬಂದ್ರು, ಮರೆ ಅನ್ನೋದೇ ಇಲ್ಲ. ಸೆದ್ದುಲ್‌ಬಹಿರ್ ಕೋಟೆ ಕಡೆಯಿಂದ ತುರ್ಕರು ದೋಣಿ ಹತ್ತಿರ ಬರೋತನಕ ಸುಮ್ಮನಿದ್ದು ಆಮೇಲೆ ಗುಂಡು ಹಾರಿಸಿದ್ರು. ಕರ್ನಲ್ ರೂತ್ ಸತ್ತ, ಪಾದ್ರಿ ಫಾದರ್ ಫಿನ್ ಸತ್ತ, ಮೇಲೆ ವಿಮಾನದಲ್ಲಿದ್ದ ಸ್ಯಾಮ್ಸನ್ ದಡದ ನೀರು ಕೆಂಪಾಗಿದ್ದನ್ನ ನೋಡಿದ ಅನ್ನೋದು ಪ್ರತಿ ಪುಸ್ತಕದಲ್ಲೂ ಬಂದೇ ಬರುತ್ತೆ. ಕೆಲವೇ ದಿನಕ್ಕೆ ಉಳಿದ ಡಬ್ಲಿನ್ಸ್ ಮತ್ತು ಮನ್‌ಸ್ಟರ್ಸ್ ಸೇರಿಸಿ ಒಂದೇ ಬೆಟಾಲಿಯನ್ ಮಾಡಬೇಕಾಯ್ತು, ಅದನ್ನ ಡಬ್‌ಸ್ಟರ್ಸ್ ಅಂತ ಕರೆದ್ರು.

ಇಲ್ಲಿ ನೋಡಿ ಮಜಾ. ಬ್ರಿಟಿಷ್ ಪುಸ್ತಕ ತೆಗೆದ್ರೆ ಮಷಿನ್ ಗನ್ನುಗಳು ದೋಣಿಗಳನ್ನ ಕೊಯ್ದು ಹಾಕಿದ್ವು ಅಂತ ಇರುತ್ತೆ, ತುರ್ಕಿ ದಾಖಲೆ ಓದಿ ಬರೆದವರು ಅಲ್ಲಿದ್ದ ತುರ್ಕಿ ಬೆಟಾಲಿಯನ್ ಹತ್ರ ಮಷಿನ್ ಗನ್ನೇ ಇರ್ಲಿಲ್ಲ, ಬರೀ ರೈಫಲ್ಲು ಅಂತಾರೆ, ಜಗಳ ಇನ್ನೂ ಮುಗಿದಿಲ್ಲ. ನಾನು ಈ ಪಿರಿಯಡ್ಡಿನ ಯಾವ ಹೊಸ ಪುಸ್ತಕ ತಗೊಂಡ್ರೂ ಮೊದಲು ಇಂಡೆಕ್ಸಲ್ಲಿ ವಿ ಬೀಚ್ ಹುಡುಕಿ ಆ ಎರಡು ಪುಟ ಓದ್ತೀನಿ. ಈ ಜಗಳದ ಸುಳಿವಾದ್ರೂ ಇದ್ರೆ ಲೇಖಕ ಎದುರು ಪಕ್ಷದ ಕಾಗದ ನೋಡಿದಾನೆ ಅಂತ ಅರ್ಥ, ಇಲ್ಲಾಂದ್ರೆ ಹಿಂದಿನವರು ಬರೆದಿದ್ದನ್ನೇ ಚೆಂದದ ಇಂಗ್ಲಿಷಲ್ಲಿ ಮತ್ತೆ ಬರೆದಿದಾನೆ ಅಷ್ಟೇ. ಸಾರ್ಜೆಂಟ್ ಯಹ್ಯಾ ಹೆಸರು ಬಂದ್ರೆ ಇನ್ನೂ ಖುಷಿ, ಅಲ್ಲಿ ನಿಂತು ಕಾದಾಡಿದ ತುರ್ಕಿ ಸೈನಿಕ ಅವನು, ಅವನ ಸ್ಮಾರಕ ಅದೇ ದಡದ ಮೇಲಿದೆ.

ಪುಸ್ತಕದ ಜೊತೆಗೆ ಮೂಲ ದಾಖಲೆ ಇಟ್ಕೊಂಡು ಓದೋದು ಎರಡನೇ ಅಭ್ಯಾಸ, ಇದಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಲಂಡನ್ನಿನ ಕ್ಯೂ (Kew) ಅನ್ನೋ ಕಡೆ ಇರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 95 ಅನ್ನೋ ಸರಣಿಯಲ್ಲಿ ಹೊರಗೆ ಯುದ್ಧಕ್ಕೆ ಹೋದ ಬೆಟಾಲಿಯನ್ನುಗಳ ವಾರ್ ಡೈರಿ ಇದೆ, ತುಂಬಾನೇ ಸ್ಕ್ಯಾನ್ ಆಗಿವೆ, ಕೋವಿಡ್ ಟೈಮಲ್ಲಿ ಡೌನ್‌ಲೋಡ್ ಫ್ರೀ ಮಾಡಿದ್ರು, ನನಗೆ ಅದೇ ವರ ಆಯ್ತು. ಡೈರಿ ಅಂದ್ರೆ ಭಾವನೆ ಎಲ್ಲ ನಿರೀಕ್ಷೆ ಮಾಡ್ಬೇಡಿ, ಫಾರ್ಮ್ ಥರ ಇರುತ್ತೆ, ಜಾಗ, ತಾರೀಕು, ಗಂಟೆ, ಏನಾಯ್ತು, ಮಳೆ ಬಂತಾ, ಎಷ್ಟು ಜನ ಗಾಯ, ಅಷ್ಟೇ. ಏನೂ ನಡೀದ ವಾರಕ್ಕೆ ಎರಡು ಪುಟ ಇರುತ್ತೆ, ದೊಡ್ಡ ದಾಳಿ ದಿನಕ್ಕೆ ಎಷ್ಟೋ ಸಲ ಮೂರೇ ಸಾಲು, ಯಾಕಂದ್ರೆ ಬರೀಬೇಕಾದ ಆಫೀಸರ್‌ಗಳೇ ಹೋಗಿರ್ತಾರೆ. ಜನಪ್ರಿಯ ಪುಸ್ತಕದಲ್ಲಿ ಅದೇ ದಿನಕ್ಕೆ ಹದಿನೈದು ಪುಟ ಇದ್ರೆ ಅದು ಬೇರೆ ಎಲ್ಲಿಂದಲೋ ಬಂದಿದೆ, ಬಹುಶಃ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಯಾರೋ ನೆನಪಿಂದ ಹೇಳಿದ್ದು, ಅದು ಸುಳ್ಳು ಅಂತಲ್ಲ, ಆದ್ರೆ ಎರಡಕ್ಕೂ ಒಂದೇ ತೂಕ ಕೊಡೋಕಾಗಲ್ಲ. ಮ್ಯಾಪಿಗೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡಿನ ಟ್ರೆಂಚ್ ಮ್ಯಾಪ್‌ಗಳು, ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಹೊದಿಸಿ ನೋಡ್ಬಹುದು, ಪೇಪರ್‌ಬ್ಯಾಕ್‌ಗಳಲ್ಲಿ ಬರೋ ಬೂದು ಬಣ್ಣದ ಮ್ಯಾಪ್ ನೋಡಿ ಕಣ್ಣು ಹಾಳು ಮಾಡ್ಕೊಳ್ಳೋದು ತಪ್ಪುತ್ತೆ.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ಎಚ್ಚರ. ಮಿಲಿಟರಿ ಲೆಕ್ಕದಲ್ಲಿ ಕ್ಯಾಶುವಲ್ಟಿ ಅಂದ್ರೆ ಸತ್ತವರು, ಗಾಯಾಳುಗಳು, ಕಾಣೆಯಾದವರು, ಸೆರೆ ಸಿಕ್ಕವರು ಎಲ್ಲ ಸೇರಿ, ಕವರ್ ಹಿಂದಿನ ಬ್ಲರ್ಬಲ್ಲಿ ಅದನ್ನೇ ಸಾವಿನ ಲೆಕ್ಕ ಮಾಡಿ ಹಾಕಿರ್ತಾರೆ. ಅನುಮಾನ ಬಂದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಡೇಟಾಬೇಸಲ್ಲಿ ತಾರೀಕು, ರೆಜಿಮೆಂಟು ಹಾಕಿ ಹುಡುಕಿದ್ರೆ ಸತ್ತವರ ಹೆಸರೇ ಬರುತ್ತೆ.

ಈಗ ನನಗೆ ಅತಿ ಹೆಚ್ಚು ಉಪಯೋಗ ಆದ ಟ್ರಿಕ್ ಹೇಳ್ತೀನಿ. ಒಂದು ನೋಟ್‌ಬುಕ್ಕಲ್ಲಿ ಪುಟ ಮಧ್ಯೆ ಗೆರೆ ಎಳೆದು ಎಡಗಡೆ ಐರ್ಲೆಂಡು, ಬಲಗಡೆ ಯುದ್ಧರಂಗ. ಅಂಗಡಿಯಲ್ಲಿ ಈ ಎರಡು ಬೇರೆ ಬೇರೆ ಕಪಾಟು, ಐರಿಶ್ ಸ್ವಾತಂತ್ರ್ಯ ಒಂದು ಕಡೆ, ಮಹಾಯುದ್ಧ ಇನ್ನೊಂದು ಕಡೆ, ಬರೆಯೋರೂ ಓದೋರೂ ಬೇರೆ ಬೇರೆ. ಆದ್ರೆ 1916ರ ಏಪ್ರಿಲ್ ಕೊನೇ ವಾರ ಹಾಕಿ ನೋಡಿ. ಎಡಗಡೆ 24ನೇ ತಾರೀಕು ಸೋಮವಾರ ಬ್ರಿಟಿಷ್ ಆಳ್ವಿಕೆ ವಿರುದ್ಧ ಎದ್ದ ದಂಗೆಕೋರರು ಡಬ್ಲಿನ್ನಿನ ಜನರಲ್ ಪೋಸ್ಟ್ ಆಫೀಸ್ ಹಿಡಿದ್ರು, ಅವರ ಮೇಲೆ ಗುಂಡು ಹಾರಿಸಿದವರಲ್ಲಿ ಊರಲ್ಲೇ ಇದ್ದ ಡಬ್ಲಿನ್ ಫ್ಯೂಸಿಲಿಯರ್ಸೂ ಇದ್ರು, 29ಕ್ಕೆ ದಂಗೆಯ ನಾಯಕ ಪಿಯರ್ಸ್ ಶರಣಾದ. ಬಲಗಡೆ ಫ್ರಾನ್ಸಿನ ಹುಲುಕ್‌ನಲ್ಲಿ 27ರ ಬೆಳಿಗ್ಗೆ ಜರ್ಮನರು 16ನೇ ಐರಿಶ್ ಡಿವಿಷನ್ ಮೇಲೆ ಗ್ಯಾಸ್ ಬಿಟ್ರು, 29ಕ್ಕೆ ಮತ್ತೆ ಬಿಟ್ರು, ಐನೂರಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ 8 ಮತ್ತು 9ನೇ ಡಬ್ಲಿನ್ಸ್ ಹುಡುಗರು ಎಷ್ಟೋ. ಅಂದ್ರೆ ಒಂದೇ ಊರಿನ, ಒಂದೇ ರೆಜಿಮೆಂಟಿನ ಜನ, ಅದೇ ವಾರ, ಅಲ್ಲಿ ಹೀಗೆ ಇಲ್ಲಿ ಹಾಗೆ. ಜರ್ಮನರು ಐರಿಶ್ ಟ್ರೆಂಚ್ ಎದುರಿಗೆ ಬೋರ್ಡ್ ಬೇರೆ ಹಾಕಿದ್ರು, ನಿಮ್ಮೂರಲ್ಲಿ ಇಂಗ್ಲಿಷರು ನಿಮ್ಮ ಹೆಂಡತಿ ಮಕ್ಕಳ ಮೇಲೆ ಗುಂಡು ಹಾರಿಸ್ತಿದ್ದಾರೆ ಅನ್ನೋ ಅರ್ಥದಲ್ಲಿ. ಎರಡು ಕಾಲಮ್ ಹಾಕದೆ ಇದು ಕಣ್ಣಿಗೆ ಬೀಳಲ್ಲ.

ಇದೇ ನೋಟ್‌ಬುಕ್ಕಲ್ಲಿ ಎಮೆಟ್ ಡಾಲ್ಟನ್ ಅನ್ನೋ ಹೆಸರು ಗೆರೆ ದಾಟಿ ಓಡಾಡುತ್ತೆ. ಡಬ್ಲಿನ್ಸ್‌ನ ಯುವ ಆಫೀಸರ್, 1916ರ ಸೆಪ್ಟೆಂಬರಲ್ಲಿ ಫ್ರಾನ್ಸಿನ ಸೋಮ್‌ನ ಗಿನ್ಶಿ ಹಳ್ಳಿ ದಾಳಿಯಲ್ಲಿ ಮಿಲಿಟರಿ ಕ್ರಾಸ್ ಅನ್ನೋ ಶೌರ್ಯ ಪದಕ ಪಡೆದ, ಟಾಮ್ ಕೆಟಲ್ ಅನ್ನೋ ಪ್ರೊಫೆಸರ್, ಮಾಜಿ ಸಂಸದ, ಕವಿ ಸತ್ತಿದ್ದು ಅದೇ ದಾಳಿಯಲ್ಲಿ, ಡಾಲ್ಟನ್ ಹತ್ತಿರದಲ್ಲೇ ಇದ್ದ. ಊರಿಗೆ ವಾಪಸ್ ಬಂದ ಡಾಲ್ಟನ್ ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಐಆರ್‌ಎ (ಐರಿಶ್ ರಿಪಬ್ಲಿಕನ್ ಆರ್ಮಿ) ಸೇರಿ ಹುಡುಗರಿಗೆ ಟ್ರೈನಿಂಗ್ ಕೊಟ್ಟ, 1922ರ ಆಗಸ್ಟ್ 22ರಂದು ಐರಿಶ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕಲ್ ಕಾಲಿನ್ಸ್ ಗುಂಡೇಟಿಗೆ ಸತ್ತಾಗ ಪಕ್ಕದಲ್ಲಿದ್ದವನೂ ಅವನೇ. ಒಂದು ಕಪಾಟಿನ ಪುಸ್ತಕದಲ್ಲಿ ಅವನು 1919ಕ್ಕೆ ಮಾಯ ಆಗ್ತಾನೆ, ಇನ್ನೊಂದು ಕಪಾಟಿನ ಪುಸ್ತಕದಲ್ಲಿ ಅಲ್ಲಿಂದ ಹುಟ್ಕೋತಾನೆ. ರೆಜಿಮೆಂಟೂ ಅದೇ ಬೇಸಿಗೇಲಿ ಹೋಯ್ತು, 1922ರ ಜೂನ್ 12ರಂದು ದಕ್ಷಿಣ ಐರ್ಲೆಂಡಿನ ಐದು ರೆಜಿಮೆಂಟುಗಳ ಬಾವುಟಗಳನ್ನ ವಿಂಡ್ಸರ್ ಅರಮನೇಲಿ ರಾಜನಿಗೆ ಒಪ್ಪಿಸಿದ್ರು, ಜುಲೈ ಕೊನೆಗೆ ವಿಸರ್ಜನೆ. ಸ್ವತಂತ್ರ ಐರ್ಲೆಂಡಲ್ಲಿ ಇವರ ಬಗ್ಗೆ ಮಾತಾಡೋರೇ ಇರ್ಲಿಲ್ಲ ದಶಕಗಟ್ಟಲೆ. ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿನ ಬಾಗಿಲಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತ ಡಬ್ಲಿನ್ಸ್ ಹೆಸರಿರೋ ಕಮಾನಿದೆ, 1907ರದ್ದು, ರಾಷ್ಟ್ರೀಯವಾದಿಗಳು ಅದಕ್ಕೆ ದ್ರೋಹಿಗಳ ಬಾಗಿಲು ಅಂತ ಹೆಸರಿಟ್ಟಿದ್ರು.

ಒಬ್ಬ ಸಾಮಾನ್ಯ ಸಿಪಾಯಿ ಹಿಂದೆ ಹೋಗಬೇಕು ಅಂದ್ರೆ ಐರ್ಲೆಂಡಿನ 1901 ಮತ್ತು 1911ರ ಜನಗಣತಿ ಪೂರ್ತಿ ಫ್ರೀ ಇದೆ, ಮನೆ, ಧರ್ಮ, ಕಸುಬು, ಓದು ಬರಹ ಬರುತ್ತಾ ಎಲ್ಲಾ ಇರುತ್ತೆ. ಸರ್ವಿಸ್ ಫೈಲ್ ಸಿಗದಿದ್ರೆ ಬೇಜಾರಾಗ್ಬೇಡಿ, 1940ರ ಸೆಪ್ಟೆಂಬರಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ಉಗ್ರಾಣ ಸುಟ್ಟು ಅರ್ಧಕ್ಕಿಂತ ಜಾಸ್ತಿ ಹೋಗಿವೆ.

ಈ ಪುಸ್ತಕಗಳ ಬಗ್ಗೆ ನನಗೆ ಒಂದು ತಕರಾರಿದೆ. ಒಂದನೇ ಬೆಟಾಲಿಯನ್ನಿಗೆ ಬ್ಲೂ ಕ್ಯಾಪ್ಸ್ ಅನ್ನೋ ಅಡ್ಡಹೆಸರು, ನೀಲ್‌ನ ಬ್ಲೂ ಕ್ಯಾಪ್ಸ್, ಎಲ್ಲರೂ ಹೆಮ್ಮೆಯಿಂದ ಬರೀತಾರೆ. ಆ ನೀಲ್ ಯಾರು? 1857ರಲ್ಲಿ ಮದ್ರಾಸ್ ಫ್ಯೂಸಿಲಿಯರ್ಸ್ ಕರ್ಕೊಂಡು ಬನಾರಸ್, ಅಲಹಾಬಾದಲ್ಲಿ ವಿಚಾರಣೆ ಗಿಚಾರಣೆ ಇಲ್ಲದೆ ಜನರನ್ನ ನೇಣಿಗೆ ಹಾಕಿಸಿದ ಮನುಷ್ಯ, ಲಖನೌದಲ್ಲಿ ಸತ್ತ. ಮದ್ರಾಸಿನ ಮೌಂಟ್ ರೋಡಲ್ಲಿ ಅವನ ಪ್ರತಿಮೆ ಇತ್ತು, 1927ರಲ್ಲಿ ಅದನ್ನ ತೆಗೀರಿ ಅಂತ ಸತ್ಯಾಗ್ರಹ ನಡೀತು, 1937ರಲ್ಲಿ ರಾಜಾಜಿ ಸರ್ಕಾರ ಬಂದ್ಮೇಲೆ ಮ್ಯೂಸಿಯಮ್ಮಿಗೆ ಸಾಗಿಸಿದ್ರು. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಸಿಗೋದು ಒಂದು ಪ್ಯಾರಾ, ಟೋಪಿ ಬಣ್ಣಕ್ಕೆ ಇನ್ನೊಂದು ಪ್ಯಾರಾ. ವಿ ಬೀಚಲ್ಲಿ ಸತ್ತ ಹುಡುಗರಿಗೂ ಇದಕ್ಕೂ ಸಂಬಂಧ ಇಲ್ಲ ನಿಜ, ಅವರು ಹುಟ್ಟೇ ಇರ್ಲಿಲ್ಲ, ಆದ್ರೆ ಪರಂಪರೆ ಅಂತ ಹೇಳ್ಕೊಂಡ್ಮೇಲೆ ಎರಡೂ ಹೇಳಬೇಕಲ್ವಾ. ಹಾಗಾಗಿ ಆ ಅಧ್ಯಾಯ ಬಂದಾಗ ನಾನು ಇಂಡಿಯಾದವರು 1857ರ ಮೇಲೆ ಬರೆದಿದ್ದನ್ನ ಪಕ್ಕಕ್ಕೆ ಇಟ್ಕೋತೀನಿ, ನೋಟ್‌ಬುಕ್ಕಲ್ಲಿ ಆ ವರ್ಷಕ್ಕೆ ಮೂರನೇ ಕಾಲಮ್ ಎಳೀತೀನಿ.

ಶುರು ಮಾಡೋರು ನನ್ನ ಥರ ಡಬ್ಲಿನ್ಸೇ ಹಿಡೀಬೇಕು ಅಂತೇನಿಲ್ಲ. ಮನ್‌ಸ್ಟರ್ಸ್ ಹುಟ್ಟಿದ್ದು ಬಂಗಾಳದ ಕಂಪನಿ ದಂಡಿಂದ, ಕನಾಟ್ ರೇಂಜರ್ಸ್ 1920ರಲ್ಲಿ ಜಲಂಧರಲ್ಲಿ ಐರ್ಲೆಂಡಿಗೋಸ್ಕರ ದಂಗೆ ಎದ್ರು, ಅದಕ್ಕೆ ಅವರಲ್ಲಿ ಜೇಮ್ಸ್ ಡಾಲಿ ಅನ್ನೋ ಸಿಪಾಯೀನ ಬ್ರಿಟಿಷರು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದ್ರು, ಅದೂ ಒಳ್ಳೇ ದಾರಿ. ದಪ್ಪ ಪುಸ್ತಕ ಬೇಡ ಮೊದಲಿಗೆ, ಒಂದು ಬೆಟಾಲಿಯನ್ನು, ಒಂದು ತಿಂಗಳ ಡೈರಿ, ಅದೇ ತಿಂಗಳ ಬಗ್ಗೆ ಇಬ್ಬರು ಲೇಖಕರ ಒಂದೊಂದು ಅಧ್ಯಾಯ, ಇಷ್ಟು ಸಾಕು. ನಾನೀಗ 7ನೇ ಬೆಟಾಲಿಯನ್ನಿನ ಡಿ ಕಂಪನಿ ಓದ್ತಿದೀನಿ, ಡಬ್ಲಿನ್ನಿನ ಲ್ಯಾನ್ಸ್‌ಡೌನ್ ರೋಡಲ್ಲಿ ರಗ್ಬಿ ಆಡ್ತಿದ್ದ ಹುಡುಗರು ಒಟ್ಟಿಗೆ ಸೇರಿ 1915ರ ಆಗಸ್ಟಲ್ಲಿ ಗಲಿಪೊಲಿಯ ಸುವ್ಲಾದಲ್ಲಿ ಇಳಿದಿದ್ದು, ಡೈರಿ ಕೈಬರಹ ಮಾತ್ರ ಕೆಟ್ಟದಾಗಿದೆ, ನಿಧಾನಕ್ಕೆ ಸಾಗ್ತಿದೆ.